ಅಳಗುಳಿಮಣೆಯ ಮೇಲೆ ಎರಡು ಖಂಡಗಳು

(ನೈರೋಬಿಯ ಕನ್ನಡ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಕೂಟದ ಕಾರ್ಯದರ್ಶಿಗಳು ದೂರವಾಣಿಯಲ್ಲಿ ನಮ್ಮನ್ನು ಆಹ್ವಾನಿಸಿದಾಗ ಅವರ ಮನಸ್ಸಿನಲ್ಲಿದ್ದುದು ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ. ವೈದ್ಯನಾದವನು ವೇದಿಕೆಯನ್ನೇರಿದರೆ ಉಪ್ಪು ಕಡಿಮೆ ಮಾಡಿರಿ, ಸಂಜೆ ನಡೆದಾಡಿರಿ ಎನ್ನುವುದು ವಾಡಿಕೆ. ಆದರೆ ನಾವು ಮಕ್ಕಳ ವೈದ್ಯರು. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಅಮೆರಿಕೆಯಲ್ಲಿ ರೆಸಿಡೆನ್ಸಿ ಮಾಡಿ, ಋಣಾನುಬಂಧದಿಂದ ಈ ಊರಿಗೆ ಬಂದು ನೆಲೆಸಿದವರು. ನಮ್ಮ ರೋಗಿಗಳಿಗೆ ಉಪ್ಪಿನ ಚಿಂತೆಯಿಲ್ಲ. ಆದುದರಿಂದ ಇಂದು ಶಾಲೆಗೆ ಹೋಗುವ ಮುನ್ನಿನ ವಯಸ್ಸಿನ ಮಕ್ಕಳ, ಎಂದರೆ ಮೂರರಿಂದ ಆರು ವರ್ಷದವರ ವಿಚಾರವನ್ನು ಮಾತನಾಡಲು ಅನುಮತಿ ಬೇಡುತ್ತೇವೆ. ಈ ಮಕ್ಕಳಿಗೆ ಇನ್ನೊಂದು ಖಂಡವನ್ನು ಆಟದಿಂದ, ಚಿತ್ರದಿಂದ, ಕೈಕೆಲಸದಿಂದ ಪರಿಚಯಿಸುವುದು ಹೇಗೆ ಎಂಬುದು ವಿಷಯ.

'ಇನ್ನೊಂದು ಖಂಡ' ಎಂದೊಡನೆ ನಿಮ್ಮಲ್ಲಿ ಹಲವರ ಮನಸ್ಸು ಭಾರತಕ್ಕೆ ಹೋಗಿರಬೇಕು. ನೈರೋಬಿಯಲ್ಲಿ ಹುಟ್ಟಿದ ಕೂಸಿಗೆ ಧಾರವಾಡವೇ ಪರದೇಶ ಎಂಬುದು ನಿಜ. ನಾವು ಹೇಳಹೊರಟಿರುವುದು ಅದಕ್ಕಿಂತ ಕೊಂಚ ಮುಜುಗರದ ಮಾತು. ಈ ಮಕ್ಕಳಿಗೆ ಅಪರಿಚಿತವಾಗಿ ಉಳಿದಿರುವ ಖಂಡ ಬಹುಮಟ್ಟಿಗೆ ಆಫ್ರಿಕವೇ. ಆಫ್ರಿಕದ ನಡುಮಧ್ಯದಲ್ಲಿ, ಭೂಮಧ್ಯರೇಖೆಗೆ ನೂರೈವತ್ತು ಕಿಲೋಮೀಟರಿಗಿಂತಲೂ ಸಮೀಪದಲ್ಲಿ ಕುಳಿತು, ಆಫ್ರಿಕವನ್ನು ಅರಿಯದೆ ಅವರು ಬೆಳೆಯುತ್ತಿದ್ದಾರೆ.

ಇದು ನಮಗೆ ತಿಳಿದ ಬಗೆಯನ್ನು ಮೊದಲು ನಿವೇದಿಸುತ್ತೇವೆ. ಹದಿನಾರು ವರ್ಷಗಳ ಹಿಂದಿನ ಮಾತು. ನಾಲ್ಕು ವರ್ಷದ ನಮ್ಮ ಮಗಳು 'ನಮ್ಮ ಮನೆ' ಎಂಬ ಚಿತ್ರವನ್ನು ಬಿಡಿಸಿ ತಂದು ತೋರಿಸಿದಳು. ಅದರಲ್ಲಿ ಅಪ್ಪ, ಅವ್ವ, ಅಣ್ಣ ಇದ್ದರು. ಹುಬ್ಬಳ್ಳಿಯ ಆಯಿ ದೂರವಾಣಿಯ ತಂತಿಯ ತುದಿಯಲ್ಲಿ ಇದ್ದರು. ಪಕ್ಕದ ಮನೆಯ ಬೆಕ್ಕು ಕೂಡ ಇತ್ತು. ಬೆಳಗಿನಿಂದ ಸಂಜೆಯವರೆಗೆ ಅವಳಿಗೆ ಉಣಿಸಿ, ಮೀಯಿಸಿ, ಬೆನ್ನಿಗೆ ಕಟ್ಟಿಕೊಂಡು ಮಲಗಿಸುತ್ತಿದ್ದ ಆಯಾ ಮಾತ್ರ ಇರಲಿಲ್ಲ. ಅವರೆಲ್ಲಿ ಎಂದು ಕೇಳಿದೆವು. ಹಾಳೆಯನ್ನು ತಿರುಗಿಸಿ ತೋರಿಸಿದಳು. ಹಿಂಬದಿಯಲ್ಲಿ ಒಬ್ಬರೇ ನಿಂತಿದ್ದರು. 'ಅವರು ಆಫ್ರಿಕಾದವರು, ಮನೆಯವರಲ್ಲ' ಎಂದಳು. ಧ್ವನಿಯಲ್ಲಿ ತಿರಸ್ಕಾರವಿರಲಿಲ್ಲ. ಬೆಕ್ಕಿಗೆ ನಾಲ್ಕು ಕಾಲು ಎಂದಂತೆ ಹೇಳಿದಳು.

ಇದನ್ನು ಅವಳಿಗೆ ಕಲಿಸಿದವರು ಯಾರು? ಯಾರೂ ಬಾಯಿಂದ ಆಡಿರಲಿಲ್ಲ. ಬಹಳ ಹೊತ್ತು ಯೋಚಿಸಿದ ಮೇಲೆ ಅಡುಗೆಮನೆಯ ಮೂಲೆಯ ಲೋಟ ನೆನಪಿಗೆ ಬಂತು. ಮನೆಯವರಿಗೆಲ್ಲ ಸ್ಟೀಲಿನ ಲೋಟಗಳು. ಆಯಾಗೆ ಅಂಚು ಒಡೆದ ಒಂದು ಪಿಂಗಾಣಿ ಕಪ್ಪು, ಬೇರೆ ಗೂಡಿನಲ್ಲಿ. ಅದನ್ನು ಬೇರೆ ಇಟ್ಟವರು ಯಾರೆಂದು ನಮ್ಮ ಮನೆಯಲ್ಲಿ ಇಂದಿಗೂ ಯಾರಿಗೂ ನೆನಪಿಲ್ಲ. ಮಗು ದಿನವೂ ನೋಡುತ್ತಿತ್ತು. ಅದೇ ಅದರ ಮೊದಲ ಭೂಗೋಳಪಾಠ. ನಾವು, ಮನೆಯ ಯಜಮಾನರು, ಎರಡು ಪದವಿಗಳನ್ನು ಗೋಡೆಗೆ ತೂಗುಹಾಕಿಕೊಂಡವರು, ಆ ಪಾಠದ ಅಧ್ಯಾಪಕರು.

ಈಗ ಕೊಂಚ ಶಾಸ್ತ್ರದ ಮಾತು. 'ಖಂಡ' ಎಂಬ ಕಲ್ಪನೆ ನಾಲ್ಕು ವರ್ಷದ ಮಗುವಿಗೆ ಎಟುಕುವುದಿಲ್ಲ. 1951ರಲ್ಲಿ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ತಮ್ಮ ಸಹೋದ್ಯೋಗಿಯೊಡನೆ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಜಿನೀವಾದ ಚಿಕ್ಕ ಮಕ್ಕಳು, ತಾವು ಜಿನೀವಾದವರಾದ ಮೇಲೆ ಸ್ವಿಸ್ ಜನರಾಗುವುದು ಹೇಗೆ ಸಾಧ್ಯ ಎಂದು ಅಚ್ಚರಿಪಟ್ಟರು. ಊರು ನಾಡಿನೊಳಗೆ, ನಾಡು ಖಂಡದೊಳಗೆ ಎಂಬ ಡಬ್ಬಿಯೊಳಗಿನ ಡಬ್ಬಿಯ ಲೆಕ್ಕ ಏಳೆಂಟು ವರ್ಷಗಳ ಈಚೆಗೆ ಕೂಡಿಬರುವುದು ಕಷ್ಟ. ಪಾರ್ಕ್‌ಲ್ಯಾಂಡ್ಸ್‌ನಲ್ಲಿರುವ ಮಗು 'ನಾವು ಆಫ್ರಿಕದಲ್ಲಿಲ್ಲ, ಆಫ್ರಿಕದಲ್ಲಿ ಸಿಂಹ ಇರುತ್ತದೆ' ಎಂದರೆ ನಗಬೇಕಾಗಿಲ್ಲ. ಆ ವಯಸ್ಸಿಗೆ ಅದು ಸಹಜ ತರ್ಕ.

ಆದರೆ ಮುಖಗಳ ಲೆಕ್ಕ ಹಾಗಲ್ಲ. ಅದು ಬಹಳ ಬೇಗ ಆರಂಭವಾಗುತ್ತದೆ. ಆಗತಾನೆ ಹುಟ್ಟಿದ ಶಿಶು ಎಲ್ಲ ಜನಾಂಗದ ಮುಖಗಳನ್ನೂ ಸಮನಾಗಿ ನೋಡುತ್ತದೆ. ಮೂರು ತಿಂಗಳಾಗುವಷ್ಟರಲ್ಲಿ ಸುತ್ತಲೂ ಹೆಚ್ಚಾಗಿ ಕಾಣುವ ಬಗೆಯ ಮುಖಗಳ ಮೇಲೆ ದೃಷ್ಟಿ ಹೆಚ್ಚು ಹೊತ್ತು ನಿಲ್ಲತೊಡಗುತ್ತದೆ. ಇದು ದ್ವೇಷವಲ್ಲ, ಬರಿಯ ರೂಢಿ. ಆ ರೂಢಿಗೆ ಬೆಲೆ ಕಟ್ಟುವವರು ದೊಡ್ಡವರು. 1940ರ ಸುಮಾರಿಗೆ ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿಗಳು ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಿಳಿಯ ಗೊಂಬೆ, ಕಂದು ಗೊಂಬೆಗಳನ್ನಿಟ್ಟು ಒಳ್ಳೆಯದು ಯಾವುದು ಎಂದು ಕೇಳಿದರು. ಬಹುಪಾಲು ಮಕ್ಕಳು ಬಿಳಿಯದನ್ನು ತೋರಿಸಿದವು. 1954ರಲ್ಲಿ ಶಾಲೆಗಳಲ್ಲಿನ ವರ್ಣಭೇದವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿದಾಗ ಈ ಸಂಶೋಧನೆಯೂ ಅದರ ಮುಂದೆ ಇತ್ತು. ಹೀಗಾಗಿ ಭೂಪಟಕ್ಕೆ ತಡೆದು ಕಾಯಬಹುದು, ಮುಖಗಳ ವಿಷಯದಲ್ಲಿ ಕಾಯುವಂತಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪಶ್ಚಿಮದ ಶಿಶುವಿಹಾರಗಳಲ್ಲಿ 'ಆಫ್ರಿಕ ವಾರ' ಎಂಬ ಆಚರಣೆಯುಂಟು. ಸೋಮವಾರ ಸಿಂಹದ ಮುಖವಾಡ, ಮಂಗಳವಾರ ಹುಲ್ಲಿನ ಲಂಗ, ಬುಧವಾರ ಡೋಲು. ಮುಂದಿನ ವಾರ ಡೈನೋಸಾರು. 54 ರಾಷ್ಟ್ರಗಳ ಖಂಡವೊಂದು ಡೈನೋಸಾರಿಗೆ ಜಾಗ ಬಿಟ್ಟು ಹೊರಟುಹೋಗುತ್ತದೆ. ನಮ್ಮ ದೇಶವನ್ನು ಹಾವಾಡಿಗ ಮತ್ತು ಆನೆಗಳಿಂದ ತೋರಿಸಿದರೆ ಸಿಡಿಮಿಡಿಗೊಳ್ಳುವ ನಾವು, ನಮ್ಮ ಮಕ್ಕಳಿಗೆ ಈ ನೆಲವನ್ನು ಸಫಾರಿಯ ಕಿಟಕಿಯಿಂದ ಮಾತ್ರ ತೋರಿಸುತ್ತಿದ್ದೇವೆ. ನೈರೋಬಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಡಿರೆಂದು ನಾವು ಹೇಳುವುದಿಲ್ಲ. 1946ರಿಂದ ನಗರದ ಮಗ್ಗುಲಲ್ಲೇ ಸಿಂಹ ಸಾಕಿಕೊಂಡಿರುವ ರಾಜಧಾನಿ ಬೇರೆಲ್ಲಿದೆ? ಆದರೆ ಹತ್ತು ಬಾರಿ ಸಿಂಹ ನೋಡಿದ ಮಗು ಒಮ್ಮೆಯಾದರೂ ಆಯಾರ ಊರಿನ ಹೆಸರನ್ನು ಕೇಳಿದೆಯೇ?

ಆ ಚಿತ್ರದ ಮರುವರ್ಷ ನಮ್ಮ ವಸತಿ ಕಟ್ಟಡದ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ, ಶನಿವಾರದ ಮಕ್ಕಳ ಗುಂಪೊಂದನ್ನು ಆರಂಭಿಸಿದೆವು. ಒಂಬತ್ತು ಮಕ್ಕಳು, ಎರಡು ಚಾಪೆ. ವಿಧಾನಕ್ಕೆ ಯಾವ ದೊಡ್ಡ ಹೆಸರೂ ಇರಲಿಲ್ಲ. ಒಂದೇ ನಿಯಮ: ಮಗುವಿನ ಕೈಗೆ ಸಿಗದ ವಸ್ತುವಿನ ಬಗ್ಗೆ ಮಾತನಾಡಕೂಡದು. ಗುಜರಾತಿನಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರು ಅದಕ್ಕೂ ಮುನ್ನ 1907ರಲ್ಲಿ ಉದ್ಯೋಗಕ್ಕಾಗಿ ಪೂರ್ವ ಆಫ್ರಿಕಕ್ಕೆ ಬಂದಿದ್ದರೆಂಬುದನ್ನು ಓದಿದಾಗ ನಮಗೆ ಅಕಾರಣವಾಗಿ ಸಂತೋಷವಾಯಿತು.

ಮೊದಲ ಶನಿವಾರ ಊರಿನಿಂದ ತಂದಿದ್ದ ಅಳಗುಳಿಮಣೆಯನ್ನು ಬಿಚ್ಚಿದೆವು. ಕರಾವಳಿಯವರು ಚೆನ್ನೆಮಣೆ ಎನ್ನುವ ಇದನ್ನು ನೀವೆಲ್ಲ ಬಲ್ಲಿರಿ: ಎರಡು ಸಾಲು, ಸಾಲಿಗೆ ಏಳು ಮನೆ, ಒಟ್ಟು ಹದಿನಾಲ್ಕು. ಮನೆಗೆ ನಾಲ್ಕೋ ಐದೋ ಹುಣಸೆಬೀಜ ಅಥವಾ ಮಂಜೊಟ್ಟಿ. ಒಂದು ಮನೆಯ ಕಾಳೆತ್ತಿ ಮುಂದಿನ ಮನೆಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗುವುದು. ಮಕ್ಕಳಿಗೆ ತೋರಿಸುತ್ತಿರುವಾಗ ನಮ್ಮ ಆಯಾ, ಬಟ್ಟೆ ಒಣಹಾಕಲು ಬಂದವರು, ಬುಟ್ಟಿಯನ್ನು ಅಲ್ಲೇ ಇಳಿಸಿ ನೋಡುತ್ತ ನಿಂತರು. ಆಮೇಲೆ ನಕ್ಕು, 'ಅಜುವಾ' ಎಂದರು. ಅವರು ವಿಕ್ಟೋರಿಯಾ ಸರೋವರದ ಕಡೆಯ ಲುವೋ ಸಮುದಾಯದವರು. ಅವರ ಊರಿನ ಮಣೆಗೂ ಎರಡೇ ಸಾಲು, ಸಾಲಿಗೆ ಎಂಟು ಕುಳಿ. ಸದ್ದು ಕೇಳಿ ಬಂದ ಗೇಟಿನ ಅಸ್ಕರಿ ಕರಾವಳಿಯ ಕಿಲಿಫಿಯವರು. ಅವರಿಗೆ ನಮ್ಮಿಬ್ಬರ ಆಟವೂ ಎಳೆಯರ ಆಟ. ಸ್ವಾಹಿಲಿ ಜನರ 'ಬಾವೊ' ಮಣೆಗೆ ನಾಲ್ಕು ಸಾಲು, ಸಾಲಿಗೆ ಎಂಟು, ಒಟ್ಟು 32 ಕುಳಿ, 64 ಕಾಳು. ಅದರಲ್ಲೊಂದು ವಿಶೇಷ ಕುಳಿಗೆ ಅವರು 'ನ್ಯುಂಬಾ' ಎನ್ನುತ್ತಾರೆ, ಅರ್ಥ ಮನೆ. ನಾವು ಕುಳಿಗೆ ಅನ್ನುವ ಮಾತೂ ಅದೇ ಅಲ್ಲವೇ?

ಕಾಳಿನ ವಿಚಾರ ಇನ್ನೂ ಸೊಗಸಾಗಿದೆ. ಬಾವೊ ಆಡುವವರು ಬಳಸುವ ಬೂದುಬಣ್ಣದ, ಗೋಲಿಯಂಥ ನುಣುಪು ಬೀಜವನ್ನು ಅಸ್ಕರಿ ಜೇಬಿನಿಂದ ತೆಗೆದಾಗ ನಾವು ಅವಾಕ್ಕಾದೆವು. ಅದು ಗಜ್ಜುಗ. ನಮ್ಮ ಅಜ್ಜಿ ಒಲೆಯ ಮುಂದೆ ಕುಳಿತು ಆಡಿಸುತ್ತಿದ್ದ ಅದೇ ಗಜ್ಜುಗ. ಈ ಬೀಜ ನೀರಿನಲ್ಲಿ ತೇಲುತ್ತದೆ. ತಿಂಗಳುಗಟ್ಟಲೆ ಸಮುದ್ರದಲ್ಲಿ ಅಲೆದು ಬೇರೊಂದು ದಡವನ್ನು ಸೇರಿ ಮೊಳೆಯಬಲ್ಲುದು. ಹಿಂದೂ ಮಹಾಸಾಗರದ ಈ ಅಂಚಿನಲ್ಲೂ ಆ ಅಂಚಿನಲ್ಲೂ ಅದು ಬೆಳೆಯುತ್ತದೆ. ಬಕೆಟ್ಟಿನ ನೀರಿನಲ್ಲಿ ಗಜ್ಜುಗವನ್ನು ತೇಲಿಬಿಟ್ಟು, ಈ ಕಡೆ ಮೊಂಬಾಸಾ, ಆ ಕಡೆ ಮಂಗಳೂರು ಎಂದು ತೋರಿಸಿದಾಗ ಮಕ್ಕಳು ಉಸಿರು ಬಿಗಿಹಿಡಿದು ಊದಿದವು. ಭೂಪಟದ ನೂರು ಮಾತಿಗಿಂತ ಆ ಬಕೆಟ್ಟು ಹೆಚ್ಚು ಹೇಳಿತು.

ಆಟದ ಲಾಭವನ್ನು ವೈದ್ಯರ ದೃಷ್ಟಿಯಿಂದ ಹೇಳಬೇಕೆಂದರೆ, ಹೆಬ್ಬೆರಳು ತೋರುಬೆರಳುಗಳ ಹಿಡಿತ ಬಲಿಯುತ್ತದೆ. ಒಂದು ಮನೆಗೆ ಒಂದು ಕಾಳು ಎಂಬುದು ಎಣಿಕೆಯ ಮೂಲಪಾಠ. ಸರದಿಗಾಗಿ ಕಾಯುವ ತಾಳ್ಮೆಯನ್ನೂ ಕಲಿಸುತ್ತದೆ. ಅದು ಈ ಸಭೆಯ ಎಷ್ಟೋ ಹಿರಿಯರಿಗೂ ಅಗತ್ಯ. ಆದರೆ ನಮಗೆ ಮುಖ್ಯವಾಗಿ ತೋರಿದ್ದು ಬೇರೆ. ಆ ಶನಿವಾರ ಚಾಪೆಯ ಮೇಲೆ ಕುಳಿತು ಕಲಿಸಿದವರು ಆಯಾ, ಸೋತವರು ನಾವು. ಮಕ್ಕಳು ಇದನ್ನು ಗಮನಿಸಿದವು. ಮುಂದೆ ಪ್ರತಿ ಶನಿವಾರ ಒಬ್ಬ ಆಯಾ ಅಥವಾ ಅಸ್ಕರಿಯನ್ನು ಕಲಿಸಲು ಕರೆಯುವುದು, ಅವರ ಆ ಹೊತ್ತಿಗೆ ಬೇರೆಯಾಗಿ ಸಂಬಳ ಕೊಡುವುದು ಎಂದು ಗೊತ್ತುಪಡಿಸಿದೆವು. ಸಂಬಳದ ಮಾತಿಗೆ ಇಬ್ಬರು ಪೋಷಕರು ಹುಬ್ಬೇರಿಸಿದರು; ಪಿಟೀಲು ಮೇಷ್ಟರಿಗೆ ಕೊಡುವುದಿಲ್ಲವೇ ಎಂದು ಕೇಳಿದ ಮೇಲೆ ಸುಮ್ಮನಾದರು.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳದಿದ್ದರೆ ವೃತ್ತಿದ್ರೋಹವಾದೀತು. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಮೂರು ಸೆಂಟಿಮೀಟರಿಗಿಂತ ಚಿಕ್ಕ ವಸ್ತುವನ್ನು ಕೊಡಬೇಡಿ. ಅದು ಬಾಯಿಗೆ ಹೋಗುತ್ತದೆ, ಅಲ್ಲಿಂದ ಶ್ವಾಸನಾಳಕ್ಕೆ ಹೋಗಬಹುದು. ಅವರಿಗಾಗಿ ನೆಲದಲ್ಲಿ ದೊಡ್ಡ ಕುಳಿ ತೋಡಿ, ಬೆಣ್ಣೆಹಣ್ಣಿನ ಗೊರಟಗಳನ್ನು ಕೊಡಿರಿ. ನೈರೋಬಿಯಲ್ಲಿ ಅವಕ್ಕೆ ಬರವಿಲ್ಲ. ದೊಡ್ಡ ಮಕ್ಕಳ ಮೂಗು ಕಿವಿಗಳ ಮೇಲೂ ಕಣ್ಣಿರಲಿ. ರೆಸಿಡೆನ್ಸಿಯ ದಿನಗಳಿಂದ ಇಂದಿನವರೆಗೆ ನಾವು ಮೂಗಿನಿಂದ ಹೊರತೆಗೆದಿರುವ ಮಣಿ, ಬಟಾಣಿ, ಬೀಜಗಳನ್ನು ಕೂಡಿಸಿದ್ದರೆ ಒಂದು ಮಣೆಗೆ ಸಾಲುತ್ತಿತ್ತು. ಮತ್ತು ಕೆಂಪು ಮೈಗೆ ಕಪ್ಪು ಕಣ್ಣಿನ ಗುಲಗಂಜಿಯನ್ನು ಮಕ್ಕಳ ಹತ್ತಿರ ಸುಳಿಯಗೊಡಬೇಡಿ. ನಮ್ಮ ಊರಿನಲ್ಲಿ ಅಕ್ಕಸಾಲಿಗರು ತೂಕಕ್ಕೆ ಬಳಸುತ್ತಿದ್ದ, ಇಲ್ಲಿ ಸರಗಳಲ್ಲಿ ಪೋಣಿಸುವ ಆ ಚೆಲುವಾದ ಬೀಜವನ್ನು ಅಗಿದರೆ ಘೋರ ವಿಷ. ತೂತು ಕೊರೆದ ಬೀಜ ಇನ್ನೂ ಅಪಾಯಕರ. ಹರಳುಬೀಜಕ್ಕೂ ಇದೇ ಮಾತು.

ಇನ್ನು ಹುಣಸೆಯ ಪ್ರಸಂಗ. ನಮ್ಮ ಬಾಲ್ಯ ಕಳೆದದ್ದು ಸವಣೂರಿನ ಹತ್ತಿರದ ಹಳ್ಳಿಯಲ್ಲಿ. ಅಲ್ಲಿಯ ದೊಡ್ಡಹುಣಸೆ ಮಠದ ಆವರಣದಲ್ಲಿ ಆನೆಯ ಮೈಯಂಥ ಕಾಂಡದ ಮೂರು ಬೃಹತ್ ವೃಕ್ಷಗಳಿವೆ. ದೊಡ್ಡ ಹುಣಸೆ ಎಂದೇ ಅವುಗಳ ಹೆಸರು. ಹತ್ತು ಹುಡುಗರು ಕೈಕೈ ಹಿಡಿದು ಸುತ್ತಲು ಹೆಣಗಿದ್ದೆವು. ಅವು ಹುಣಸೆಯಲ್ಲ, ಆಫ್ರಿಕದ ಬಾವೊಬಾಬ್ ಎಂದು ನಮಗೆ ತಿಳಿದದ್ದು ಮೊದಲ ಬಾರಿ ಮೊಂಬಾಸಾ ಹೆದ್ದಾರಿಯಲ್ಲಿ ಕಿಬ್ವೇಜಿಯನ್ನು ದಾಟುವಾಗ. ಸವಣೂರಿನ ಮರಗಳು ಅಲ್ಲಿ ನೂರಾರು ಸಂಖ್ಯೆಯಲ್ಲಿ ಬಯಲಿನ ತುಂಬ ನಿಂತಿದ್ದವು. ಊರಿನವರನ್ನು ಕಂಡಂತೆ ಕಾರು ನಿಲ್ಲಿಸಿದೆವು. ವಿಚಿತ್ರವೆಂದರೆ, ನಿಜವಾದ ಹುಣಸೆಯ ಮೂಲನೆಲವೂ ಆಫ್ರಿಕವೇ ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಅರಬರು ಅದನ್ನು 'ಭಾರತದ ಖರ್ಜೂರ' ಎಂದು ಕರೆದದ್ದರಿಂದ ಲೋಕವೆಲ್ಲ ಅದನ್ನು ನಮ್ಮದೆಂದುಕೊಂಡಿತು. ಮಕ್ಕಳಿಗೆ ಈ ಚರಿತ್ರೆ ಬೇಡ. ಅವರಿಗೆ ಬಾವೊಬಾಬ್ ಬೀಜಕ್ಕೆ ಸಕ್ಕರೆ ಬಣ್ಣ ಬಳಿದ 'ಮಬುಯು' ಮಿಠಾಯಿಯನ್ನು ತಿನ್ನಿಸಿ, ಕೆಂಪಾದ ನಾಲಗೆಯಿಂದ ಹುಣಸೆ ತೊಕ್ಕನ್ನು ನೆಕ್ಕಿಸಿ, ಯಾವುದು ಹುಳಿ ಎಂದು ಕೇಳಿದರೆ ಸಾಕು. ಆಮೇಲೆ ಮರದ ಚಿತ್ರ. ಎಲ್ಲರ ಕಾಂಡವೂ ಹಾಳೆಯ ಅಂಚನ್ನು ಮೀರಿ ಚಾಪೆಯ ಮೇಲೆ ಹರಿಯಿತು.

ಹೀಗೆ ಹುಡುಕುತ್ತ ಹೋದಂತೆ ನಮ್ಮ ಅಡುಗೆಮನೆಯ ಅರ್ಧ ಡಬ್ಬಿಗಳು ಆಫ್ರಿಕದವೆಂದು ತಿಳಿಯಿತು. ಜೋಳ ಈ ಖಂಡದ್ದು. ಇಲ್ಲಿ ಅದು 'ಮ್ತಾಮಾ'. ಅಲಸಂದೆ ಈ ಖಂಡದ್ದು, ಇಲ್ಲಿ 'ಕುಂದೆ'. ಕಾಫಿ ಇಥಿಯೋಪಿಯದ್ದು, 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬುದು ಪ್ರತೀತಿ. ನಮ್ಮ ಅವರೆಕಾಳನ್ನು ಕಿಕುಯು ಜನರು 'ಜಾಹಿ' ಎನ್ನುತ್ತಾರೆ, ಬಾಣಂತಿಯರಿಗೆ ವಿಶೇಷವಾಗಿ ಉಣಿಸುತ್ತಾರೆ. ರಾಗಿಯಂತೂ ಪೂರ್ವ ಆಫ್ರಿಕದ ಎತ್ತರದ ನೆಲಗಳಲ್ಲಿ ಮನುಷ್ಯನ ಕೈಗೆ ಪಳಗಿ, ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ನಮ್ಮಲ್ಲಿಗೆ ಬಂದ ಧಾನ್ಯ. ಇಲ್ಲಿನ 'ವಿಂಬಿ'ಯ 'ಊಜಿ' ನಮ್ಮ ರಾಗಿಗಂಜಿಯೇ.

ರಾಗಿಯೊಡನೆ ನಮಗೊಂದು ನಾಟಕವೂ ದೊರೆಯಿತು. ನಮ್ಮ ಕಡೆಯವರೇ ಆದ ಕನಕದಾಸರ 'ರಾಮಧಾನ್ಯ ಚರಿತ್ರೆ'ಯ ಕಥೆಯನ್ನು ನೀವು ಬಲ್ಲಿರಿ. ಅಕ್ಕಿ ಮತ್ತು ರಾಗಿಗೆ ಶ್ರೇಷ್ಠತೆಯ ಜಗಳ. ಬೆಳ್ಳಗಿನ ಅಕ್ಕಿ ರಾಗಿಯನ್ನು ಹೀನಾಯವಾಗಿ ಜರೆಯುತ್ತದೆ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಬಂದಾಗ ಅಕ್ಕಿ ಸೊರಗಿರುತ್ತದೆ, ರಾಗಿ ಹಾಗೆಯೇ ಇರುತ್ತದೆ. ಈ ಕಥೆಯನ್ನು ಮಕ್ಕಳಿಂದ ಆಡಿಸಿದೆವು. ಮೊದಲ ದಿನ ರಾಗಿಯ ಪಾತ್ರಕ್ಕೆ ಯಾರೂ ಬರಲಿಲ್ಲ. 'ನಾನು ಬಿಳಿ ಆಗುತ್ತೇನೆ, ನಾನು ಬಿಳಿ' ಎಂದು ಎಂಟು ಜನ ಅಕ್ಕಿಗಳಾದರು. ಒಂಬತ್ತನೆಯ ಹುಡುಗ ಅಳುತ್ತ ರಾಗಿಯಾದ. ಅವನ ಮೈಬಣ್ಣ ಉಳಿದವರಿಗಿಂತ ಕಪ್ಪು. ಅದು ನಿನಗೇ ಸರಿ ಎಂದು ಉಳಿದ ಮಕ್ಕಳೇ ನಿರ್ಧರಿಸಿದ್ದರು. ನಾಲ್ಕು ವರ್ಷದ ಕೂಸುಗಳು! ಕ್ಲಾರ್ಕ್ ದಂಪತಿಗಳ ಗೊಂಬೆಗಳನ್ನು ಪುಸ್ತಕದಲ್ಲಿ ಓದಿದ್ದ ನಮಗೆ ಅವು ಚಾಪೆಯ ಮೇಲೆ ಎದ್ದು ಕುಳಿತಂತಾಯಿತು. ನಾಟಕವನ್ನು ಅಲ್ಲಿಗೇ ನಿಲ್ಲಿಸಿದೆವು.

ಮುಂದಿನ ಎರಡು ಶನಿವಾರ ಬಣ್ಣದ ಕೆಲಸವನ್ನೇ ಮಾಡಿದೆವು. ಬಳಪದ ಪೆಟ್ಟಿಗೆಯಲ್ಲಿ 'ಚರ್ಮದ ಬಣ್ಣ' ಎಂದು ಮಕ್ಕಳು ಕರೆಯುತ್ತಿದ್ದ ತೆಳುಗುಲಾಬಿ ಬಳಪವನ್ನು ತೆಗೆದಿಟ್ಟು, ಕೆಂಪು, ಹಳದಿ, ನೀಲಿ, ಬಿಳಿ ಎಂಬ ನಾಲ್ಕೇ ಬಣ್ಣ ಕೊಟ್ಟೆವು. ಪ್ರತಿಯೊಬ್ಬರೂ ತಮ್ಮ ಮುಂಗೈಯ ಬಣ್ಣವನ್ನು ಕಲಸಿ ತಯಾರಿಸಬೇಕು. ಒಂದು ಗಂಟೆ ಹೆಣಗಿದ ಮೇಲೆ ತಿಳಿದದ್ದೇನೆಂದರೆ, ಯಾರಿಗೂ ನಾಲ್ಕರಲ್ಲಿ ಒಂದನ್ನು ಬಿಟ್ಟು ಆಗಲಿಲ್ಲ. ಆಯಾರ ಕೈಗೂ ಅವೇ ನಾಲ್ಕು, ಅಳತೆ ಮಾತ್ರ ಬೇರೆ. ಶರೀರಶಾಸ್ತ್ರವೂ ಇದನ್ನೇ ಹೇಳುತ್ತದೆ. ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಎಲ್ಲ ಜನಾಂಗಗಳಲ್ಲೂ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ವರ್ಣಕಣಗಳ ಪ್ರಮಾಣ, ಗಾತ್ರ, ಬಗೆಗಳಲ್ಲಷ್ಟೇ ವ್ಯತ್ಯಾಸ. ಸುಡುವ ಸೂರ್ಯನ ಕೆಳಗೆ ಅದೊಂದು ಕೊಡೆ. ಮಕ್ಕಳಿಗೆ ಕೊಡೆಯ ಮಾತು ಹಿಡಿಸಿತು. 'ನನ್ನ ಕೊಡೆ ದಪ್ಪ' ಎಂದು ಆ ಒಂಬತ್ತನೆಯ ಹುಡುಗ ಮೊದಲ ಬಾರಿ ಬೀಗಿದ. ಮೂರನೆಯ ವಾರ ನಾಟಕವನ್ನು ಮತ್ತೆ ಆಡಿದಾಗ ರಾಗಿಗಳು ಐವರಿದ್ದರು, ಅಕ್ಕಿ ನಾಲ್ವರು. ಎಲ್ಲ ಸರಿಹೋಯಿತೆಂದು ನಾವು ಹೇಳುವುದಿಲ್ಲ. ಬೇಸಿಗೆಯಲ್ಲಿ ಊರಿಗೆ ಹೋಗಿಬಂದ ಹುಡುಗಿಯೊಬ್ಬಳು ಮುಖಕ್ಕೆ ಹಚ್ಚುವ ಬಿಳಿಯ ಕ್ರೀಮಿನ ಮಾತನ್ನೇ ಆಡುತ್ತಿದ್ದಳು.

ನಕ್ಷೆಯ ದಿನ ನಾವು ಸೋತೆವು. ಮಾಂಟೆಸರಿ ಪದ್ಧತಿಯಲ್ಲಿ ಮರಳುಕಾಗದದ ನೆಲ, ನುಣುಪಾದ ಸಮುದ್ರ ಇರುವ ಗೋಳವೊಂದಿದೆ. ಮಗು ಭೂಮಿಯನ್ನು ಬೆರಳಿನಿಂದ ಅರಿಯಲಿ ಎಂಬ ಉದ್ದೇಶ. ಅದು ಸಿಗದೆ, ನೆಲದ ಮೇಲೆ ರಂಗೋಲಿಯಿಂದ ಆಫ್ರಿಕವನ್ನೂ ಭಾರತವನ್ನೂ ಬಿಡಿಸಿದೆವು. ವಿಸ್ತೀರ್ಣದಲ್ಲಿ ಆಫ್ರಿಕ ಭಾರತದ ಒಂಬತ್ತು ಪಟ್ಟು ಎಂಬುದನ್ನು ಹೆಜ್ಜೆಗಳಿಂದ ಅಳೆಸುವ ಯೋಜನೆ. ಮೂರು ನಿಮಿಷದಲ್ಲಿ ಮಕ್ಕಳು ಎರಡೂ ಖಂಡಗಳನ್ನು ಕಾಲಿನಿಂದ ಕಲಸಿ ಒಂದು ಮಾಡಿದರು. ಪಿಯಾಜೆಯ ಮಾತನ್ನು ಮರೆತದ್ದಕ್ಕೆ ತಕ್ಕ ಶಾಸ್ತಿ.

ಗಾಳಿಯ ಆಟ ಚೆನ್ನಾಗಿ ನಡೆಯಿತು. ಡಿಸೆಂಬರಿನಿಂದ ಮಾರ್ಚಿನವರೆಗೆ ಈಶಾನ್ಯದಿಂದ ಬೀಸುವ 'ಕಸ್ಕಾಜಿ' ಹಾಯಿಹಡಗುಗಳನ್ನು ನಮ್ಮ ಕಡೆಯಿಂದ ಇಲ್ಲಿಗೆ ತರುತ್ತಿತ್ತು. ಏಪ್ರಿಲಿನ ಅನಂತರ ತಿರುಗುವ 'ಕೂಸಿ' ಅವನ್ನು ಮರಳಿ ಒಯ್ಯುತ್ತಿತ್ತು. ಈ ದಕ್ಷಿಣದ ಗಾಳಿಯೇ ಕೀನ್ಯದ ಮೇಲಿಂದ ಭೂಮಧ್ಯರೇಖೆಯನ್ನು ದಾಟಿ, ಅರಬ್ಬಿ ಸಮುದ್ರದಲ್ಲಿ ಬಲಕ್ಕೆ ಹೊರಳಿ, ಜೂನಿನಲ್ಲಿ ನಮ್ಮ ಕರಾವಳಿಗೆ ಮುಂಗಾರಾಗಿ ಅಪ್ಪಳಿಸುತ್ತದೆ. 1960ರ ದಶಕದಲ್ಲಿ ಫಿಂಡ್ಲೇಟರ್ ಎಂಬ ಹವಾಮಾನ ವಿಜ್ಞಾನಿ ಈ ಗಾಳಿಯ ಹೊನಲನ್ನು ಗುರುತಿಸಿದರು. ಇಂದಿಗೂ ಅದಕ್ಕೆ ಅವರದೇ ಹೆಸರು. ಜೂನಿನ ಚಳಿಯಲ್ಲಿ ಸ್ವೆಟರು ತೊಟ್ಟ ಮಕ್ಕಳು ಆಕಾಶದತ್ತ ಊದಿ, ಆಮೇಲೆ ಅಜ್ಜಿಗೆ ದೂರವಾಣಿ ಮಾಡಿ 'ಅಲ್ಲಿ ಮಳೆ ಬಂತಾ' ಎಂದು ಕೇಳಿದವು. ಬಂದಿತ್ತು. ಮಳೆಯನ್ನು ಕಳಿಸಿದವರು ತಾವೆಂದು ಅವು ಇಡೀ ವಾರ ನಂಬಿದ್ದವು. ನಾವು ತಿದ್ದಲಿಲ್ಲ.

ಮಾತುಗಳ ಆಟವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಗಾಡಿ ಇಲ್ಲಿ 'ಗಾರಿ', ಮೇಜು 'ಮೆಜಾ', ಸಾಬೂನು 'ಸಾಬುನಿ', ಪೈಸೆ 'ಪೆಸಾ'. ವಸ್ತುಗಳನ್ನು ಬುಟ್ಟಿಯಲ್ಲಿಟ್ಟು ಎರಡೂ ಹೆಸರು ಕೂಗಿಸುವುದು. ನಗೆ ಬರುವುದು ಸಂಬಂಧಗಳಲ್ಲಿ: ನಮ್ಮ ಉತ್ತರ ಕರ್ನಾಟಕದ ಕಾಕಾ ಚಿಕ್ಕಪ್ಪ, ಇಲ್ಲಿನ 'ಕಾಕಾ' ಅಣ್ಣ, ಅಲ್ಲಿ ದಾದಾ ಎಂದರೆ ಮೀಸೆಯವನು, ಇಲ್ಲಿ 'ದಾದಾ' ಎಂದರೆ ಅಕ್ಕ. ಈ ಆಟದಿಂದ ಮಕ್ಕಳು ಆಯಾರನ್ನು 'ದಾದಾ' ಎಂದು ಕರೆಯತೊಡಗಿದವು. ನೈರೋಬಿ ಎಂಬ ಹೆಸರು ಮಸಾಯಿ ಭಾಷೆಯ 'ತಣ್ಣನೆಯ ನೀರು' ಎಂಬ ಮಾತಿನಿಂದ ಬಂದದ್ದು ಎಂದಾಗ, ಮಂಗಳೂರಿನ ಮಗುವೊಂದು ತಣ್ಣೀರುಬಾವಿಗೆ ತಾನು ಹೋಗಿಬಂದ ಸುದ್ದಿಯನ್ನು ಹೇಳಿತು.

ಕೈಕೆಲಸದಲ್ಲಿ ಕಾಂಗಾ ಸುಲಭ. ಸುತ್ತ ಅಂಚು, ನಡುವೆ ಚಿತ್ರ, ಕೆಳಗೊಂದು ಗಾದೆ ಇರುವ ಈ ನಾಡಿನ ಬಟ್ಟೆಯನ್ನು ಹಳೆಯ ಪಂಚೆಯ ಮೇಲೆ ಆಲೂಗಡ್ಡೆಯ ಅಚ್ಚಿನಿಂದ ಮಾಡಿಸಬಹುದು. 'ಕೈ ಕೆಸರಾದರೆ ಬಾಯಿ ಮೊಸರು' ಎಂದು ನಾವು ಬರೆದುಕೊಟ್ಟೆವು. ಕೈ ಮಾತ್ರವಲ್ಲ, ಕೂದಲೂ ಕೆಸರಾಗಿತ್ತು. ಮತ್ತೊಂದು ವಾರ ಕೌದಿ. ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಶತಮಾನಗಳಿಂದ ಬಾಳುತ್ತಿರುವ ಸಿದ್ದಿ ಜನರ ಪೂರ್ವಜರು ಆಫ್ರಿಕದವರು. ಅವರಲ್ಲಿ ಅನೇಕರು ಗುಲಾಮರಾಗಿ ತರಲ್ಪಟ್ಟವರು. ಅವರ ಹೆಣ್ಣುಮಕ್ಕಳು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಗಳ ಚಿತ್ರಗಳನ್ನು ನೋಡಿ ಮಕ್ಕಳು ಕಾಗದದ ಕೌದಿ ಅಂಟಿಸಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ಕರ್ನಾಟಕದ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ, ಅಷ್ಟರಲ್ಲಿ ದೊಡ್ಡವನಾಗಿದ್ದ ಹುಡುಗನೊಬ್ಬ ಪತ್ರಿಕೆಯ ತುಣುಕನ್ನು ನಮಗೆ ಕಳಿಸಿದ. ಕನ್ನಡ ಮಾತನಾಡುವ ಆಫ್ರಿಕ ಮೂಲದವರಿದ್ದಾರೆ ಎಂಬುದು ಅವನಿಗೆ ಐದನೆಯ ವಯಸ್ಸಿನಿಂದ ಗೊತ್ತಿದ್ದ ಸಂಗತಿ.

1896ರಿಂದ 1901ರವರೆಗೆ ಮೊಂಬಾಸಾದಿಂದ ಸರೋವರದವರೆಗೆ ರೈಲುಹಳಿ ಹಾಸಲು ಸುಮಾರು 32,000 ಭಾರತೀಯ ಕೂಲಿಕಾರರು ಬಂದರು. 2017ರ ಜುಲೈನಲ್ಲಿ ಕೀನ್ಯ ಸರಕಾರ ಇಲ್ಲಿನ ಏಷ್ಯನ್ ಮೂಲದವರನ್ನು ದೇಶದ 44ನೆಯ ಬುಡಕಟ್ಟೆಂದು ಅಂಗೀಕರಿಸಿತು. ಅವರು ನಮ್ಮನ್ನು ಹಾಳೆಯ ಮುಂಬದಿಯಲ್ಲಿ ಬರೆದುಕೊಂಡರು. ನಮ್ಮ ಮಕ್ಕಳ ಹಾಳೆಯನ್ನು ಒಮ್ಮೆ ತಿರುಗಿಸಿ ನೋಡಿರೆಂದು ಪೋಷಕರನ್ನು ಕೇಳಿಕೊಳ್ಳುತ್ತೇವೆ. ಮನೆಗೆ ಹೋದ ಮೇಲೆ ಲೋಟಗಳ ಗೂಡನ್ನೂ.

ನಮ್ಮ ಆಯಾ ಆರು ವರ್ಷದ ಹಿಂದೆ ಕೆಲಸ ಬಿಟ್ಟು ಸಿಯಾಯಾದ ತಮ್ಮ ಊರಿಗೆ ಮರಳಿದರು. ಕಳೆದ ವರ್ಷ ನಮ್ಮ ಮಗಳು, ಈಗ ಇಪ್ಪತ್ತರ ಹುಡುಗಿ, ಅವರನ್ನು ನೋಡಲು ಒಬ್ಬಳೇ ಬಸ್ಸಿನಲ್ಲಿ ಹೋದಳು. ಎರಡು ದಿನ ಇದ್ದು ಏಳು ಆಟ ಸೋತು, ಅವರು ಕೊಟ್ಟ ಮಣೆಯೊಂದನ್ನು ಹೊತ್ತು ತಂದಳು. ಅದು ಈ ಮೇಜಿನ ಮೇಲಿದೆ. ಪಕ್ಕದಲ್ಲಿರುವುದು ನಮ್ಮ ಅಜ್ಜಿಯದು. ಉಪಾಹಾರದ ಹೊತ್ತಿನಲ್ಲಿ ಮಕ್ಕಳು ಎರಡನ್ನೂ ಆಡಬಹುದು. ಕಾಳುಗಳನ್ನು ದಯವಿಟ್ಟು ಎಣಿಸಿ ಹಿಂದಿರುಗಿಸಿರಿ. ಈಗಾಗಲೇ ಎರಡು ಕಡಿಮೆಯಿವೆ ಎಂದು ಹಿಂದಿನ ಸಾಲಿನಿಂದ ಸುದ್ದಿ ಬಂದಿದೆ; ಚಿಮಟ ನಮ್ಮ ಚೀಲದಲ್ಲಿದೆ.